ದಿಂಬಿನ ಬಳಿಯ ಬಾನುಲಿ

ಎಪ್ಪತ್ತರ ದಶಕದಲ್ಲಿ ನಮ್ಮ ಭಾವನವರು ಅಮೆರಿಕದಿಂದ ಗಡಿಯಾರವಿದ್ದ ರೇಡಿಯೋ ಒಂದನ್ನು ತಂದುಕೊಟ್ಟರು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನೂ ಕೊಂಡು ಜೋಡಿಸಿದೆನು. ರಾತ್ರಿ ಹತ್ತಕ್ಕೆ ಮುಳ್ಳು ಸರಿಪಡಿಸಿ, ಬೆಳಗಿನ ಐದಕ್ಕೆ ಹಾಡಲೆಂದು ಇಟ್ಟು ಮಲಗಿದೆನು. ಅದು ಹಾಡಿದ್ದು 6.24ಕ್ಕೆ. ಆರರ ರೈಲು ಹೋಗಿತ್ತು; ಊರಿನಲ್ಲಿ ತಂದೆಯ ಶ್ರಾದ್ಧಕ್ಕೆ ಪುರೋಹಿತರು ನನಗಾಗಿ ಕಾದು ಕುಳಿತಿದ್ದರು.

ತಪ್ಪು ಯಾರದು? ಕೀಲಿ ಬೇಡದ ಇಂಥ ಗಡಿಯಾರವನ್ನು ಬಳಕೆಗೆ ತಂದವನು ಅಮೆರಿಕದ ಹೆನ್ರಿ ವಾರೆನ್. 1916ರಲ್ಲಿ ಬಾಸ್ಟನ್ನಿನ ವಿದ್ಯುದಾಗಾರದಲ್ಲಿ ನಿಯಾಮಕ ಗಡಿಯಾರವೊಂದನ್ನಿರಿಸಿ, ಊರಿನ ವಿದ್ಯುತ್ತನ್ನೇ ಮನೆಮನೆಯ ಗಡಿಯಾರಕ್ಕೆ ಲೋಲಕ ಮಾಡಿದನು. ಆದರೆ ಅಲ್ಲಿಯ ವಿದ್ಯುತ್ತು ಸೆಕೆಂಡಿಗೆ 60 ಆವರ್ತ, ನಮ್ಮದು 50. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಇಳಿಸೀತು, ಆವರ್ತವನ್ನು ಮುಟ್ಟದು. ಗಂಟೆಗೆ ಹತ್ತು ನಿಮಿಷ ನಷ್ಟ. (1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ಹರಿದ ವಿದ್ಯುತ್ತು 25 ಆವರ್ತದ್ದು. ಅದಕ್ಕೆ ಜೋಡಿಸಿದ್ದರೆ ನಾನು ಏಳುತ್ತಿದ್ದುದು ಮಧ್ಯಾಹ್ನ 2.48ಕ್ಕೆ!)

ಕೊಳ್ಳುವವರು ಧ್ವನಿಯನ್ನು ಆಮೇಲೆ ಕೇಳಿರಿ; ಮೊದಲು ಬೆನ್ನ ಮೇಲಿನ ಅಂಕೆ ಓದಿರಿ. ವಿದ್ಯುತ್ತು ಹೋದಾಗಲೂ ಗಡಿಯಾರವನ್ನು ನಡೆಸುವ ಬ್ಯಾಟರಿಯಿದೆಯೇ, ವಿಚಾರಿಸಿರಿ. ನಮ್ಮದನ್ನು ಎಸೆಯಲು ಮನಸ್ಸಾಗಲಿಲ್ಲ. ರೇಡಿಯೋ ಚೆನ್ನಾಗಿಯೇ ಹಾಡುತ್ತದೆ. ಹೊತ್ತು ತಿಳಿಯಲು ಪಕ್ಕದಲ್ಲಿ ತಂದೆಯವರ ಕೀಲಿಗಡಿಯಾರವನ್ನು ಇಟ್ಟುಕೊಂಡಿದ್ದೇನೆ.