‘ನನ್’ ಒಳಗಿನ ಒಂದು

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಕೊನೆಯ ಉತ್ತರವಾಗಿ, 2013ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮತಯಂತ್ರಕ್ಕೆ ಬಂದ ‘ನೋಟಾ’ದ ಮೊದಲ ಅಕ್ಷರವಾಗಿ, ‘ನನ್’ ಎಂಬ ಇಂಗ್ಲಿಷ್ ಪದ ನಮಗೆ ಚೆನ್ನಾಗಿ ಪರಿಚಿತ. ಅಲ್ಲೆಲ್ಲ ಅದಕ್ಕೆ ಕ್ರಿಯಾಪದದ ಹಂಗಿಲ್ಲ, ಹಾಗಾಗಿ ತಕರಾರೂ ಇಲ್ಲ. ವಾಕ್ಯದೊಳಗೆ ಬಂದಾಗಲೇ ತೊಡಕು: ‘ನನ್ ಆಫ್ ದ ಬಾಯ್ಸ್ ಹ್ಯಾಸ್ ಕಮ್’ ಎನ್ನಬೇಕೋ, ‘ಹ್ಯಾವ್ ಕಮ್’ ಎನ್ನಬೇಕೋ? ‘ಹ್ಯಾವ್’ ಬರೆದ ವಿದ್ಯಾರ್ಥಿಯ ಅಂಕ ಕಳೆಯುವುದು ಅನ್ಯಾಯ ಎನ್ನುವುದು ನನ್ನ ವಾದ.

ಅಂಕ ಕಳೆಯುವವರು ಪದದ ಹುಟ್ಟನ್ನು ಮುಂದಿಡುತ್ತಾರೆ. ಹಳೆಯ ಇಂಗ್ಲಿಷಿನ ‘ನೆ’ ಮತ್ತು ‘ಆನ್’ ಸೇರಿ ಆದದ್ದು ಇದು, ಅರ್ಥ ‘ಒಂದೂ ಇಲ್ಲ’. ಒಳಗೆ ಒಂದಿರುವಾಗ ಏಕವಚನವೇ ಸರಿ ಎನ್ನುತ್ತಾರೆ. ವ್ಯುತ್ಪತ್ತಿ ನಿಜ, ತೀರ್ಮಾನ ನಿಲ್ಲುವುದಿಲ್ಲ. ‘ಓನ್ಲಿ’ ಪದದಲ್ಲೂ ಅದೇ ‘ಒಂದು’ ಅಡಗಿದೆ. ಆದರೂ ‘ಓನ್ಲಿ ಟು’ ಎನ್ನಲು ಯಾರೂ ಅನುಮಾನಿಸುವುದಿಲ್ಲ. ಪದದ ಬೇರು ಅದರ ಇಂದಿನ ನಡೆಯನ್ನು ಕಟ್ಟಿಹಾಕುವುದಾದರೆ ಅದೂ ತಪ್ಪಾಗಬೇಕಿತ್ತು. ಅಷ್ಟೇ ಅಲ್ಲ, ಹಳೆಯ ಇಂಗ್ಲಿಷಿನಲ್ಲೇ ‘ನನ್’ಗೆ ಬಹುವಚನ ರೂಪವಿತ್ತು. 1611ರ ಇಂಗ್ಲಿಷ್ ಬೈಬಲ್ ಎರಡೂ ವಚನಗಳಲ್ಲಿ ಅದನ್ನು ಬಳಸಿದೆ. ಬಳಕೆಯ ವಿಷಯದಲ್ಲಿ ಕಟ್ಟುನಿಟ್ಟಿನವರೆಂದೇ ಹೆಸರಾದ ಫೌಲರ್ ಕೂಡ 1926ರ ತಮ್ಮ ನಿಘಂಟಿನಲ್ಲಿ, ಅದು ಏಕವಚನ ಮಾತ್ರ ಎಂಬ ನಂಬಿಕೆಯೇ ತಪ್ಪೆಂದರು. ಅಗಾಥಾ ಕ್ರಿಸ್ಟಿಯ ಪ್ರಸಿದ್ಧ ಕಾದಂಬರಿ ‘ಅಂಡ್ ದೆನ್ ದೇರ್ ವರ್ ನನ್’ ಹೆಸರಿನಲ್ಲಿ ‘ವಾಸ್’ ಇಟ್ಟು ಓದಿ ನೋಡಿ, ಕಿವಿ ಒಪ್ಪುವುದಿಲ್ಲ.

ಇಷ್ಟು ಸಡಿಲ ಬಿಟ್ಟರೆ ನಾಳೆ ‘ಎವ್ರಿವನ್ ಹ್ಯಾವ್ ಕಮ್’ ಎಂದೂ ಬರೆಯುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ‘ಎಲ್ಲರೂ ಬಂದಿದ್ದಾರೆ’ ಎಂದು ಯೋಚಿಸುವ ನಮ್ಮ ಮಕ್ಕಳು ಆ ತಪ್ಪನ್ನು ಮಾಡುತ್ತಲೇ ಇರುತ್ತಾರೆ, ಅದನ್ನು ತಿದ್ದಲೇಬೇಕು. ಆದರೆ ತಿದ್ದಲು ಕಾರಣ ವ್ಯುತ್ಪತ್ತಿಯಲ್ಲ, ಬಳಕೆ. ‘ಎವ್ರಿವನ್’ ಮುಂದೆ ಏಕವಚನದ ಕ್ರಿಯಾಪದವನ್ನೇ ಇಂಗ್ಲಿಷ್ ಮಾತಾಡುವವರು ಗಟ್ಟಿಮಾಡಿಕೊಂಡಿದ್ದಾರೆ. ‘ನನ್’ ಮುಂದೆ ಎರಡನ್ನೂ ಉಳಿಸಿಕೊಂಡಿದ್ದಾರೆ. ಎರಡಕ್ಕೂ ಅಳತೆಗೋಲು ಒಂದೇ. ಈ ಸ್ವಾತಂತ್ರ್ಯಕ್ಕೂ ಮಿತಿಯುಂಟು: ‘ನನ್ ಆಫ್ ದ ಮಿಲ್ಕ್’ ಎಂದಾಗ ಹಾಲನ್ನು ಎಣಿಸಲಾಗದು, ಅಲ್ಲಿ ‘ಹ್ಯಾಸ್’ ಮಾತ್ರ. ಎಣಿಸಬಲ್ಲ ಹುಡುಗರ ಮಾತು ಬಂದರೆ ಎರಡೂ ಸರಿ, ಒಬ್ಬೊಬ್ಬರನ್ನೂ ಒತ್ತಿ ಹೇಳಬೇಕಾದಾಗ ‘ಹ್ಯಾಸ್’ ಹೆಚ್ಚು ಒಪ್ಪುತ್ತದೆ.

ಕನ್ನಡದ ಮಗುವಿಗೆ ಇಲ್ಲಿ ತಾಯ್ನುಡಿಯ ನೆರವು ಸಿಗುವುದಿಲ್ಲ. ಅವನು ಬರಲಿಲ್ಲ, ಅವರು ಬರಲಿಲ್ಲ, ಯಾರೂ ಬರಲಿಲ್ಲ: ನಮ್ಮ ‘ಇಲ್ಲ’ಕ್ಕೆ ವಚನದ ಗೊಡವೆಯೇ ಇಲ್ಲ. ಹೀಗಾಗಿ ಆ ಮಗು ಪೂರ್ತಿಯಾಗಿ ಮೇಷ್ಟರು ಹೇಳಿದ ನಿಯಮವನ್ನೇ ನಂಬಿಕೊಂಡಿರುತ್ತದೆ. ಉತ್ತರ ಪತ್ರಿಕೆ ತಿದ್ದುವವರು ‘ನನ್ ಆಫ್ ದ ಬಾಯ್ಸ್ ಹ್ಯಾವ್’ ಎಂಬುದಕ್ಕೆ ದಯವಿಟ್ಟು ಪೂರ್ತಿ ಅಂಕ ಕೊಡಿ.