ಹೂವಿನ ಜಾಗಕ್ಕೆ ಬಂದ ಕಾಗದ

ಮನೆಯಲ್ಲಿ ಕುಳಿತು ಕಾಗದದಿಂದ ಏನಾದರೂ ಮಾಡುವುದೆಂದರೆ ಅದು ಮಕ್ಕಳ ರಜೆಯ ಹವ್ಯಾಸ, ಇಲ್ಲವೇ ಶಾಲೆಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ಎಂಬ ಭಾವನೆ ಇಂದು ಬೇರೂರಿದೆ. ಅದರ ಚರಿತ್ರೆ ಹೇಳುವವರೂ ಜಪಾನಿನ ಒರಿಗಾಮಿಯಿಂದ ಹೊರಟು ಶಾಲೆಯ ಕ್ರಾಫ್ಟ್ ಪೀರಿಯಡ್ಡಿಗೆ ಬಂದು ನಿಲ್ಲುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ, ಚಪಳಗಾಂವದಂಥ ಕನ್ನಡ ಮಾತಿನ ಊರುಗಳ ಕಡೆಯಿಂದ ನೋಡಿದರೆ ಈ ಕಥೆ ಹೊಂದಿಕೆಯಾಗುವುದಿಲ್ಲ. ಹೂವು, ಬೆಂಡು, ಮಾವಿನೆಲೆಗಳು ಮಾಡುತ್ತಿದ್ದ ಕೆಲಸಕ್ಕೆ ಬದಲಿ ಆಳಾಗಿ ಇಲ್ಲಿ ಕಾಗದ ಮನೆ ಹೊಕ್ಕಿತು. ಅದಕ್ಕೆ ಕೆಲಸ ಕಲಿಸಿದ್ದು ಹಬ್ಬಗಳ ಸಾಲು. ಶಾಲೆ ಬಂದದ್ದು ಆಮೇಲೆ.

ಇದನ್ನು ತೋರಿಸಬೇಕಾದರೆ ಕಾಗದ ಅಗ್ಗವಾದದ್ದು ಯಾವಾಗ ಎಂದು ಮೊದಲು ಕೇಳಬೇಕು. ಹರಿದು ಎಸೆಯಲು ಮನಸ್ಸು ಒಪ್ಪದ ವಸ್ತುವಿನಿಂದ ಯಾರೂ ಮೂರು ದಿನದ ಅಲಂಕಾರ ಮಾಡುವುದಿಲ್ಲ. ಈ ಸೀಮೆಯ ಮಠಗಳಲ್ಲಿ ವಚನ, ಪುರಾಣಗಳು ಉಳಿದದ್ದು ತಾಡೋಲೆಯ ಕಟ್ಟುಗಳಲ್ಲಿ. ಲೆಕ್ಕಪತ್ರಕ್ಕೆ ಕಡತವಿತ್ತು: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುವ ಕರಿಯ ಪುಸ್ತಕ. ಕೈಕಾಗದ ಇರಲಿಲ್ಲವೆಂದಲ್ಲ. ದೌಲತಾಬಾದಿನ ಹತ್ತಿರದ ಕಾಗಜಿಪುರದಲ್ಲಿ, ಪುಣೆಯ ಆಚೆಯ ಜುನ್ನರದಲ್ಲಿ ಕಾಗಜಿಗಳು ಚಿಂದಿ, ಸೆಣಬು ಕುಟ್ಟಿ, ನೀರಿನಲ್ಲಿ ಕಲಸಿ, ಜರಡಿಯ ಮೇಲೆ ಹಾಳೆ ಎತ್ತಿ, ಒಣಗಿಸಿ, ಗಂಜಿ ಹಚ್ಚಿ, ಕಲ್ಲಿನಿಂದ ತಿಕ್ಕಿ ನುಣುಪು ತರುತ್ತಿದ್ದರು. ಅಷ್ಟು ಮೈಮುರಿತದಿಂದ ಹುಟ್ಟಿದ ಹಾಳೆ ದಫ್ತರಕ್ಕೆ, ಸನದಿಗೆ, ಸಾಹುಕಾರನ ಖಾತೆವಹಿಗೆ ಹೋಗುತ್ತಿತ್ತು. ಬಾಗಿಲಿಗೆ ತೋರಣವಾಗಿ ತೂಗುವಷ್ಟು ಅದು ಯಾರ ಮನೆಯಲ್ಲೂ ಮಿಗುತ್ತಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ವಿಜಯಪುರದ ಆದಿಲಶಾಹಿ ದರಬಾರಿನಲ್ಲಿ 17ನೆಯ ಶತಮಾನದ ಮೊದಲರ್ಧದಲ್ಲೇ ಕಾಗದದ ಮೇಲೆ ಬೆರಗು ಹುಟ್ಟಿಸುವ ಕೈಚಳಕ ನಡೆದಿತ್ತಲ್ಲ? ಅಂಟುನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಬೇಡದ ಭಾಗವನ್ನು ಮರೆಮಾಡಿ, ಮೋಡದಂಥ ಸುಳಿಗಳನ್ನು ಹಾಳೆಗೆ ಇಳಿಸಿಕೊಳ್ಳುವ ಅಬ್ರಿ ಚಿತ್ರಗಳು ಅಲ್ಲಿಯವು. ಎಲುಬು ಕಾಣುವ ಬಡಕಲು ಕುದುರೆ ಮತ್ತು ಸವಾರನ ಅಂಥದೊಂದು ಚಿತ್ರ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಸೊಲ್ಲಾಪುರವಂತೂ ಆ ರಾಜ್ಯಕ್ಕೆ ದೂರದ್ದಲ್ಲ. ಅಹಮದನಗರದ ರಾಜಕುಮಾರಿ ಚಾಂದಬೀಬಿಯ ಮದುವೆಯಲ್ಲಿ ಅಲ್ಲಿಯ ಕೋಟೆಯೇ ಬಳುವಳಿಯಾಗಿ ಆದಿಲಶಾಹಿಗೆ ಬಂದಿತ್ತು. ಆದರೂ ಆ ಕಲೆ ದರಬಾರಿನ ಪುಸ್ತಕಶಾಲೆಯ ಸೊತ್ತು. ಅದಕ್ಕೆ ಕಾಗದವನ್ನೂ ಬಣ್ಣವನ್ನೂ ಒದಗಿಸಿದ್ದು ಅರಸನ ಬೊಕ್ಕಸ, ಸಿದ್ಧವಾದ ಚಿತ್ರ ಸೇರುತ್ತಿದ್ದದ್ದು ಮುರಕ್ಕಾ ಎಂಬ ಚಿತ್ರಸಂಪುಟಕ್ಕೆ. ಒಕ್ಕಲುಮನೆಯ ಪಡಸಾಲೆಯವರೆಗೆ ಅದರ ಎಳೆಯನ್ನು ಎಳೆದು ತರುವುದು ಊರಿನ ಮೇಲಿನ ಅಭಿಮಾನವಾದೀತೇ ಹೊರತು ಇತಿಹಾಸವಾಗದು.

ಪರಿಸ್ಥಿತಿ ಬದಲಿಸಿದ್ದು ರೈಲು ಮತ್ತು ಗಿರಣಿ. 1860ರಲ್ಲಿ ಮುಂಬಯಿಯ ಕಡೆಯ ಹಳಿ ಸೊಲ್ಲಾಪುರ ಮುಟ್ಟಿತು. 1871ರ ಹೊತ್ತಿಗೆ ಅದೇ ಹಾದಿ ಅಕ್ಕಲಕೋಟ ರೋಡ್ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಪುಣೆಯ ಡೆಕ್ಕನ್ ಪೇಪರ್ ಮಿಲ್ ಸ್ಥಾಪನೆಯಾದದ್ದು 1885ರಲ್ಲಿ. ಹೊರದೇಶದ ತೆಳು ಬಣ್ಣದ ಹಾಳೆ, ಬೇಗಡೆ, ಜರಿಕಾಗದಗಳು ಪೇಟೆಯ ಅಂಗಡಿಗೆ ಬರುವುದಕ್ಕೂ ಅದೇ ಹಳಿ ದಾರಿಯಾಯಿತು. ಇನ್ನೊಂದು ಕಡೆ 1877ರಲ್ಲಿ ಆರಂಭವಾದ ನೂಲಿನ ಗಿರಣಿಯಿಂದ ಸೊಲ್ಲಾಪುರ ಕೂಲಿಯ ಊರಾಯಿತು. ಓಣಿ ಓಣಿಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದುವಿನ ಮನೆಗಳು ಒತ್ತಾಗಿ ನಿಂತವು. ಅಂಗಳದಲ್ಲಿ ಹೂಗಿಡ ಬೆಳೆಸುವಷ್ಟು ಜಾಗ ಅಲ್ಲಿ ಎಲ್ಲಿಯದು? ಹಬ್ಬವಂತೂ ಬಿಡುವ ಹಾಗಿರಲಿಲ್ಲ.

ಅಗ್ಗದ ಕಾಗದ ಕೈಗೆ ಬಂದಾಗ ಜನ ಅದರಿಂದ ಹೊಸ ಆಕಾರಗಳನ್ನು ಹುಡುಕಲಿಲ್ಲ, ಹಳೆಯವನ್ನೇ ಕತ್ತರಿಸಿದರು. ನನ್ನ ವಾದಕ್ಕೆ ದೊಡ್ಡ ಸಾಕ್ಷಿ ಇದು. ಕಾಗದದ ತೋರಣ ಇಂದಿಗೂ ಮಾವಿನೆಲೆಯ ಆಕಾರದಲ್ಲೇ ಇರುತ್ತದೆ, ಆ ಆಕಾರಕ್ಕೆ ಕಾಗದದ ಮಟ್ಟಿಗೆ ಯಾವ ಅಗತ್ಯವೂ ಇಲ್ಲ. ಬಾಸಿಂಗದಲ್ಲಿ ಬೆಂಡಿನ ಹೂವಿನ ಮಗ್ಗುಲಲ್ಲೇ ಕಾಗದದ ಹೂವು ಕುಳಿತಿರುತ್ತದೆ. ಬೆಂಡು ತೀರ ಇಲ್ಲವಾದ ಅಗ್ಗದ ಬಾಸಿಂಗದಲ್ಲೂ ಹೂವಿನ ಎಸಳು ಬೆಂಡಿನ ಎಸಳಿನ ಹಾಗೇ ಒಳಬಾಗಿರುತ್ತದೆ. ಬಾಸಿಂಗ ಈ ಸೀಮೆಯಲ್ಲಿ ಮದುಮಕ್ಕಳ ಹಣೆಗಷ್ಟೇ ಸೀಮಿತವಲ್ಲ. ಸಂಕ್ರಮಣದ ಹೊತ್ತಿಗೆ ನಡೆಯುವ ಸೊಲ್ಲಾಪುರದ ಸಿದ್ಧರಾಮನ ಗಡ್ಡೆಯ ಜಾತ್ರೆಯಲ್ಲಿ, ಸಿದ್ಧರಾಮನ ಯೋಗದಂಡಕ್ಕೂ ಕುಂಬಾರರ ಕನ್ಯೆಗೂ ನಡೆದ ಮದುವೆಯನ್ನು ನೆನೆಯುತ್ತ, ಏಳು ನಂದಿಧ್ವಜಗಳ ಮುಂದೆ ಅಕ್ಷತೆ ಬೀಳುತ್ತದೆ. ಮದುವಣಿಗನ ಸ್ಥಾನದ ಆ ಬಿದಿರ ಗಳುಗಳಿಗೂ ಬಾಸಿಂಗ ಉಂಟು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಬೇಗಡೆ ಸುತ್ತುವುದು, ದೀಪಾವಳಿಗೆ ಬಿದಿರ ದಬ್ಬೆಯ ಚೌಕಟ್ಟಿಗೆ ಪತಂಗದ ಕಾಗದ ಅಂಟಿಸಿ ಆಕಾಶಬುಟ್ಟಿ ಕಟ್ಟುವುದು, ಜಾತ್ರೆಯ ಬೀದಿಗೆ ಬಣ್ಣದ ಕಾಗದದ ಪರಪರಿ ಎಳೆಯುವುದು, ಎಲ್ಲವೂ ಇದೇ ಜಾತಿಯ ಕೆಲಸಗಳು. ಆಕಾಶಬುಟ್ಟಿಗೆ ಮುಂಚೆ ಕಾರ್ತಿಕದ ಆಕಾಶದೀಪ ಇತ್ತು. ದೀಪಕ್ಕೆ ಗಾಳಿಯ ಮರೆ ಬೇಕಿತ್ತು, ಬೆಳಕು ಹೊರಗೆ ಕಾಣಬೇಕಿತ್ತು, ತೆಳುಕಾಗದ ಎರಡನ್ನೂ ಮಾಡಿಕೊಟ್ಟಿತು. ಈ ನೆಲದ ಹವೆಯೂ ಕಾಗದದ ಪರವಾಗಿತ್ತು. ಸೊಲ್ಲಾಪುರ ಬರದ ಸೀಮೆ. ಲಗ್ನಗಳು ಸಾಲಾಗಿ ಬರುವ ವೈಶಾಖದಲ್ಲಿ ಕೆರೆಬಾವಿ ಬತ್ತಿರುತ್ತವೆ, ಹಸಿ ಹೂವು ಚಪ್ಪರ ಏರುವ ಮೊದಲೇ ಬಾಡುತ್ತದೆ. ಕಾಗದ ಬಾಡುವುದಿಲ್ಲ. ಮಳೆನಾಡಿನಲ್ಲಿ ದೋಷವಾಗುವ ಅದರ ಸ್ವಭಾವ ಒಣನಾಡಿನಲ್ಲಿ ಗುಣವಾಯಿತು.

ಬಿದಿರು ಮತ್ತು ಕಾಗದ ಕೂಡಿ ದೊಡ್ಡದಾಗಿ ಎದ್ದು ನಿಂತದ್ದು ಮೊಹರಮ್ಮಿನ ತಾಬೂತಿನಲ್ಲಿ. ಗೋಪುರ, ಗುಮ್ಮಟ, ಜಾಲರಿಗಳನ್ನೆಲ್ಲ ಕಾಗದದಲ್ಲಿ ಕತ್ತರಿಸಿ ಅಂಟಿಸಿ, ಮೆರವಣಿಗೆ ಮುಗಿದ ಮೇಲೆ ನೀರು ಮುಟ್ಟಿಸುವ ಈ ಕೆಲಸದಲ್ಲಿ ಉತ್ತರ ಕರ್ನಾಟಕ, ಸೊಲ್ಲಾಪುರಗಳ ಹಿಂದೂ ಮನೆಗಳ ಕೈಯೂ ಸೇರಿತ್ತು. 1893ರ ಮುಂಬಯಿಯ ಹಿಂದೂ-ಮುಸ್ಲಿಂ ಗಲಭೆಯ ತರುವಾಯ ಟಿಳಕರ ಮುಂದಾಳ್ತನದಲ್ಲಿ ಗಣೇಶೋತ್ಸವ ಬೀದಿಗೆ ಬಂದಾಗ ಅದರ ಮೆರವಣಿಗೆಯಲ್ಲಿ ಮೊಹರಮ್ಮಿನ ಹೋಲಿಕೆ ಇರುವುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. (ಅದಕ್ಕೂ ಮೊದಲೇ, 1885ರಲ್ಲೇ, ತಮ್ಮ ಆಜೋಬಾ ಗಣಪತಿ ಕುಳಿತಿದ್ದನೆಂಬುದು ಸೊಲ್ಲಾಪುರದವರ ಹೇಳಿಕೆ.) ರಾಜಕಾರಣ ಎರಡನ್ನೂ ಎದುರುಬದುರು ನಿಲ್ಲಿಸಿತು. ಗಣಪತಿಯನ್ನು ಕೂಡಿಸುವ ಮಖರ ಕಟ್ಟುವ ಕೈಗೆ ಬೇಕಾದದ್ದು ಮಾತ್ರ ತಾಬೂತು ಕಟ್ಟುವ ಕೈಗೆ ಬೇಕಾದದ್ದೇ: ದಬ್ಬೆ ಸೀಳುವುದು, ದಾರದ ಬಿಗಿ, ಹಿಟ್ಟಿನ ಅಂಟಿನ ಹದ, ಮಡಚಿದ ಹಾಳೆಯ ಮೇಲೆ ಕತ್ತರಿಯ ಓಟ. ಕೆಲಸದ ಇತಿಹಾಸ ಬರೆಯುವವರಿಗೆ ಈ ಎರಡನ್ನು ಬೇರೆ ಬೇರೆ ಅಧ್ಯಾಯ ಮಾಡಲು ಕಾರಣ ಸಿಗುವುದಿಲ್ಲ.

ಶಾಲೆಯ ಪಕ್ಷದವರ ವಾದ ಇನ್ನೂ ಗಟ್ಟಿಯಾದದ್ದು. ಜರ್ಮನಿಯ ಫ್ರೋಬೆಲ್ ತನ್ನ ಕಿಂಡರ್‌ಗಾರ್ಟನ್ನಿನಲ್ಲಿ ಕಾಗದ ಮಡಚುವುದನ್ನು ಪಾಠವಾಗಿಸಿದ. ಆ ಪದ್ಧತಿ ಭಾರತಕ್ಕೆ ಬಂದುದಕ್ಕೆ ಒಳ್ಳೆಯ ದಾಖಲೆಯೇ ಇದೆ. ಟಿಳಕರ ಗಣೇಶೋತ್ಸವದ ಅದೇ 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಕಾಗದದ ಮಡಿಕೆಗಳಿಂದಲೇ ರೇಖಾಗಣಿತ ಕಲಿಸುವ ಇಂಗ್ಲಿಷ್ ಪುಸ್ತಕ ಪ್ರಕಟಿಸಿದರು. ಕಿಂಡರ್‌ಗಾರ್ಟನ್ನಿನ ಬಣ್ಣದ ಹಾಳೆಗಳ ಪೆಟ್ಟಿಗೆಯೇ ತಮಗೆ ಸ್ಫೂರ್ತಿ ಎಂದು ಅವರೇ ಅದರಲ್ಲಿ ಹೇಳಿಕೊಂಡಿದ್ದಾರೆ. ಮಡಚುವ ಕಲೆಯ ಮಟ್ಟಿಗೆ ನಾನು ಒಪ್ಪುತ್ತೇನೆ: ಅದಕ್ಕೆ ಶಾಲೆಯ ಋಣ ದೊಡ್ಡದು. ಆದರೆ ಶಾಲೆಯ ಕಾಗದ ಚೌಕಾಕಾರದ್ದು, ಅಂಟು ಬೇಡದ್ದು, ಮೇಜಿನ ಮೇಲೆ ಮುಗಿಯುವಂಥದು. ಹಬ್ಬದ ಕಾಗದ ಪಟ್ಟಿಪಟ್ಟಿಯದು, ಅಂಟಿಲ್ಲದೆ ನಿಲ್ಲದು, ಅದಕ್ಕೆ ಬಿದಿರಿನ ಎಲುಬು ಬೇಕು, ಎತ್ತರದಲ್ಲಿ ಗಾಳಿಗೆ ತೂಗಬೇಕು. ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಆಧಾರವಿಲ್ಲ. ಕೊಠಾರಿ ಆಯೋಗದ (1964–66) ಶಿಫಾರಸಿನ ತರುವಾಯ ಮಹಾರಾಷ್ಟ್ರದ ಶಾಲೆಗಳಲ್ಲಿ ‘ಕಾರ್ಯಾನುಭವ’ ಒಂದು ವಿಷಯವಾಗಿ ಬಂದಾಗ, ಅಕ್ಕಲಕೋಟ ಕಡೆಯ ಮಕ್ಕಳಿಗೆ ಕತ್ತರಿ ಹಿಡಿಯುವುದು ಹೊಸತಾಗಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ತಿದ್ದಿ, ಆಷಾಢದ ಮಂಗಳವಾರಗಳಂದು ಮಣ್ಣಿನ ಗುಳ್ಳವ್ವನನ್ನು ಮಾಡಿ, ಜೋಳದ ದಂಟಿನಿಂದ ಬಂಡಿ ಹೂಡಿ ಪಳಗಿದ ಕೈಗಳವು.

ನನ್ನ ವಾದಕ್ಕೆ ಸಲೀಸಾಗಿ ಒಗ್ಗದ ವಸ್ತುವೊಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ: ರದ್ದಿ ಕಾಗದದ ಬುಟ್ಟಿ. ಹಳೆಯ ಪತ್ರಿಕೆಗಳನ್ನು ನೆನೆಹಾಕಿ, ನೆನೆದ ಮೆಂತ್ಯೆಯೊಂದಿಗೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೈಗೆ ಮೆತ್ತಿ, ಬಿಸಿಲಲ್ಲಿ ಒಣಗಿಸಿ ಕಳಚಿದರೆ ಕಾಳುಕಡಿ ತುಂಬುವ ಬುಟ್ಟಿ ಸಿದ್ಧ. ಮೆಂತ್ಯೆಯ ಲೋಳೆ ಅಂಟಾಗುತ್ತದೆ, ಅದರ ಕಹಿ ಹುಳವನ್ನು ದೂರ ಇಡುತ್ತದೆ. ಇದು ಹಬ್ಬಕ್ಕೆ ಸೇರಿದ್ದಲ್ಲ, ಮೂರು ದಿನಕ್ಕೆ ಎಸೆಯುವಂಥದೂ ಅಲ್ಲ, ವರ್ಷಗಟ್ಟಲೆ ಬಾಳುತ್ತದೆ. ಆದರೂ ಅದರ ಹಿಂದೆ ಇರುವುದು ಬದಲಿಯ ತರ್ಕವೇ. ಬಿದಿರ ಮೊರ, ಬುಟ್ಟಿಗಳ ಸಂದು ಮುಚ್ಚಲು ಸಗಣಿ, ಮೆಂತ್ಯೆ ಸಾರಿಸುವ ರೂಢಿ ಮೊದಲಿನಿಂದಲೂ ಇತ್ತು. ಮನೆಗೆ ಪತ್ರಿಕೆ ಬಂದು ರದ್ದಿ ಮಿಕ್ಕಾಗ ಆ ಸಾರಣೆಗೆ ಕಾಗದ ಸೇರಿತು, ಕ್ರಮೇಣ ಬಿದಿರೇ ಬೇಡವಾಯಿತು. ಹಳ್ಳಿಮನೆಗೆ ರದ್ದಿ ಹೇರಳವಾಗಿ ಬಂದದ್ದು 20ನೆಯ ಶತಮಾನದಲ್ಲಿ. ಆದ್ದರಿಂದ ನೋಡಲು ಅಜ್ಜಿಯ ಕಾಲದ್ದೆನಿಸುವ ಈ ಬುಟ್ಟಿ, ಕಾಗದದ ಬಾಸಿಂಗಕ್ಕಿಂತ ಚಿಕ್ಕ ವಯಸ್ಸಿನದು ಎಂದು ನನ್ನ ಅಂದಾಜು.

ಬದಲಿಯಾಗಿ ಬಂದದ್ದನ್ನು ಇನ್ನೊಂದು ಬದಲಿ ತಳ್ಳುವುದು ಸಹಜ. ಮಖರಕ್ಕೆ ಥರ್ಮಾಕೋಲ್ ಬಂತು, ತೋರಣಕ್ಕೆ ಪ್ಲಾಸ್ಟಿಕ್ ಬಂತು, ಆಕಾಶಬುಟ್ಟಿ ಅಂಗಡಿಯಿಂದ ಮಡಚಿಕೊಂಡೇ ಬಂತು. 2018ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಮತ್ತು ಥರ್ಮಾಕೋಲ್ ನಿಷೇಧದ ಅಧಿಸೂಚನೆ ಹೊರಡಿಸಿದ ಮೇಲೆ ಮಖರ ಕಟ್ಟುವವರು ಮತ್ತೆ ಕಾಗದ, ರಟ್ಟು, ಬಟ್ಟೆಯ ಕಡೆ ತಿರುಗಬೇಕಾಯಿತು. ನಡುವಿನ ವರ್ಷಗಳಲ್ಲಿ ಕೈ ಮರೆತದ್ದು ಬಹಳ. ಈ ವಸ್ತುಗಳೆಲ್ಲ ನೀರಿಗೋ ಬೆಂಕಿಗೋ ಹೋಗಲೆಂದೇ ಹುಟ್ಟಿದವು. ಅಕ್ಕಲಕೋಟದ ಅರಮನೆಯ ಶಸ್ತ್ರಾಗಾರದಲ್ಲಿ ಕತ್ತಿ ಬಂದೂಕುಗಳು ಉಳಿದ ಹಾಗೆ ಇವು ಎಲ್ಲೂ ಉಳಿದಿಲ್ಲ. ಆದ್ದರಿಂದ ಈ ಸೀಮೆಯ ಕನ್ನಡ ಶಾಲೆಗಳ ಗುರುಗಳಲ್ಲಿ ಒಂದು ಬೇಡಿಕೆ: ಮುಂದಿನ ಕಾರ್ಯಾನುಭವದ ತಾಸಿಗೆ ಊರಿನ ಬಾಸಿಂಗ ಕಟ್ಟುವವರನ್ನು, ತಾಬೂತು ಕಟ್ಟಿದ ಹಿರಿಯರನ್ನು ಕರೆಯಿರಿ. ಯಾವ ಹಿಟ್ಟಿನ ಅಂಟು, ದಬ್ಬೆಯ ಅಳತೆ ಎಷ್ಟು, ಹಾಳೆಗೆ ಎಷ್ಟು ಮಡಿಕೆ, ಯಾರಿಂದ ಕಲಿತರು ಎಂದು ಮಕ್ಕಳಿಂದಲೇ ಕೇಳಿಸಿ, ಬರೆಯಿಸಿ ಇಡಿ.