ಅವ್ವ ಕೇಳುವ ಮಳೆ

ಧನಕವಡಿಗೆ ಬಂದು ಹದಿನೇಳು ವರ್ಷವಾಯಿತು. ಪ್ರತಿ ಮಳೆಗಾಲ ಅವ್ವ ಫೋನಿನಲ್ಲಿ ಮೊದಲು ಕೇಳುವುದು ಒಂದೇ ಮಾತು: "ಅಲ್ಲಿ ಮಳಿ ಹೆಂಗದ?" ಬೈಕಿನಲ್ಲಿ ಆಫೀಸಿಗೆ ಹೋಗುವ ಮಗ ನೆನೆದು ನೆಗಡಿ ಹಿಡಿಸಿಕೊಂಡಾನೆಂಬ ಚಿಂತೆ ಎಂದುಕೊಂಡು, "ರೇನ್‌ಕೋಟ್ ಅದ ಬಿಡವ್ವ" ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಆ ಪ್ರಶ್ನೆಯ ಅರ್ಥ ಪೂರ್ತಿ ತಿಳಿಯಲು ನನಗೆ ಒಂದು ಪ್ರವಾಹವೂ ಒಂದು ದೋಣಿ ಪ್ರವಾಸವೂ ಬೇಕಾದವು.

ದೋಣಿಯ ಮಾತು ಮೊದಲು. ಕಳೆದ ಫೆಬ್ರವರಿಯ ಒಂದು ಭಾನುವಾರ ನಮ್ಮ ಸುತ್ತಮುತ್ತಲಿನ ನಾಲ್ಕು ಕನ್ನಡದ ಮನೆಯವರು ಸೇರಿ ಭಿಗವಣಕ್ಕೆ ಹೊರಟೆವು. ಪುಣೆಯಿಂದ ಸೊಲ್ಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್. ಉಜನಿ ಅಣೆಕಟ್ಟಿನ ಹಿನ್ನೀರು ಅಲ್ಲಿ ಭೀಮಾ ನದಿಯನ್ನು ಕಣ್ಣಿಗೆ ನಿಲುಕದಷ್ಟು ಅಗಲ ಮಾಡಿದೆ. ಚಳಿಗಾಲದಲ್ಲಿ ರಾಜಹಂಸಗಳು ಬರುತ್ತವೆ. ದಂಡೆಯ ಊರುಗಳ ಮೀನುಗಾರರು ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಮಗೆ ಸಿಕ್ಕ ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ನಾನು ಅವನನ್ನು 'ದಾದಾ' ಎಂದೆ, ಅವನು ನನ್ನನ್ನು 'ಕಾಕಾ' ಎಂದ. ಮರಾಠಿಯ 'ಹೋಡಿ', ನಮ್ಮ ಹಳೆಯ 'ಓಡ' – ಎರಡೂ ದೋಣಿಯೇ. ಕಿವಿಗೆ ನೆಂಟರಂತೆ ಕೇಳಿಸುತ್ತವೆ.

ಆಳವಿಲ್ಲದ ನೀರಿಗೆ ಬಂದಾಗ ಅವನು ಇಂಜಿನ್ ನಿಲ್ಲಿಸಿ ಗಳ ಹಿಡಿದ. ದೂರದಲ್ಲಿ ಗುಲಾಬಿ ಗೆರೆಯೊಂದು ಅಲುಗಾಡಿತು. "ರೋಹಿತ್" ಎಂದು ತೋರಿಸಿದ. ರಾಜಹಂಸಕ್ಕೆ ಮರಾಠಿಯಲ್ಲಿ ಅದೇ ಹೆಸರು. ನಮ್ಮ ಮಕ್ಕಳಿಗೆ ರೋಹಿತ್ ಅಂದರೆ ಕ್ರಿಕೆಟ್ಟಿನವನೇ. ನಕ್ಕು ದೋಣಿ ಅಲ್ಲಾಡಿಸಿಬಿಟ್ಟರು. ಹಕ್ಕಿಗಳು ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ಕೆಸರನ್ನು ಸೋಸಿ, ಪಾಚಿ ಮತ್ತು ಸಣ್ಣ ಜೀವಿಗಳನ್ನು ತಿನ್ನುತ್ತಿದ್ದವು. ಆ ಆಹಾರದಲ್ಲಿರುವ ಬಣ್ಣವೇ ರೆಕ್ಕೆಗೆ ಏರುತ್ತದೆ. ಅಲ್ಲೇ ಪಕ್ಕದಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಬೆಳೆ ಕೊಯ್ದ ಹೊಲದಲ್ಲಿ ಕೂತ ರೈತರಂತೆ ಸುಮ್ಮನೆ ಕೂತಿದ್ದವು.

ಆಗ ಹುಡುಗ ಗಳವನ್ನು ನೀರಿಗೆ ಚುಚ್ಚಿ ಹೇಳಿದ, "ಕಾಕಾ, ಇದರ ಕೆಳಗೆ ನಮ್ಮ ಅಜ್ಜನ ಹೊಲ ಇದೆ."

ಉಜನಿ ಅಣೆಕಟ್ಟಿನ ಕೆಲಸ ಶುರುವಾದದ್ದು 1969ರಲ್ಲಿ, ಮುಗಿದದ್ದು 1980ರಲ್ಲಿ. ಒಟ್ಟು ಸುಮಾರು 117 ಟಿಎಂಸಿ ನೀರು ಹಿಡಿಯುವ ಈ ಜಲಾಶಯಕ್ಕೆ ಯಶವಂತ ಸಾಗರ ಎಂದು ಹೆಸರು. ಸೊಲ್ಲಾಪುರದ ಕುಡಿಯುವ ನೀರು, ಆ ಜಿಲ್ಲೆಯ ಕಬ್ಬು, ಎರಡಕ್ಕೂ ಇದೇ ಆಧಾರ. ಅದಕ್ಕಾಗಿ ಭೀಮೆಯ ಎರಡೂ ದಂಡೆಯ ಊರುಗಳು ಎದ್ದು ಹೋಗಬೇಕಾಯಿತು. ಪಳಸದೇವದ ಪಳಸನಾಥ ದೇವಾಲಯ ಇಂದಿಗೂ ನೀರಿನೊಳಗಿದೆ. ಬರ ಬಿದ್ದು ನೀರು ತಳ ಕಂಡ ವರ್ಷ ಅದರ ಶಿಖರ, ಕಂಬ, ಅಂಗಳ ಒಂದೊಂದಾಗಿ ಹೊರಬರುತ್ತವೆ. ಜನ ಜಾತ್ರೆಯಂತೆ ನೋಡಲು ಹೋಗುತ್ತಾರೆ. ದೇವರ ದರ್ಶನವಾಗಬೇಕಾದರೆ ಬರಗಾಲ ಬರಬೇಕು ಎಂಬಂಥ ಊರು ಬೇರೆಲ್ಲೂ ನಾನು ನೋಡಿಲ್ಲ.

ಹುಡುಗನ ಅಜ್ಜ ಹೊಳೆದಂಡೆಯ ಹೊಲದಲ್ಲಿ ಬೆಳೆ ತೆಗೆಯುತ್ತಿದ್ದರು. ಅಪ್ಪ ಅದೇ ಹೊಲದ ಮೇಲೆ ಬಲೆ ಬೀಸಿದರು. ಇವನು ಅದರ ಮೇಲೆಯೇ ಹಕ್ಕಿ ತೋರಿಸುತ್ತಾನೆ. ಕಷ್ಟವೆಂದು ಅವನು ಹೇಳಲಿಲ್ಲ, ಸುಖವೆಂದೂ ಹೇಳಲಿಲ್ಲ. ಹೊಲದ ಗಡಿ ಎಲ್ಲಿತ್ತೆಂದು ಅಪ್ಪ ತೋರಿಸಿಕೊಟ್ಟಿದ್ದಾರೆ, ಅಷ್ಟು ಸಾಕು ಎಂದ.

ಪಕ್ಕದ ಡಿಕ್ಸಾಳ ಎಂಬ ಸಣ್ಣ ಊರಿನ ಹೆಸರು ನಮ್ಮ ಕಡೆಯವರು ನೆನಪಿಡಬೇಕಾದದ್ದು. ಪುಣೆಯಿಂದ ಹೊರಟ ಜಿಐಪಿ ರೈಲ್ವೆ 1858ರಲ್ಲಿ ಬಂದು ನಿಂತದ್ದು ಇಲ್ಲಿಯೇ. ಅಲ್ಲಿಂದ 1860ಕ್ಕೆ ಸೊಲ್ಲಾಪುರ, 1871ಕ್ಕೆ ಕಲಬುರಗಿ ದಾಟಿ ರಾಯಚೂರು. ನಾನು ಎಂಟೆಕ್ ಮುಗಿಸಿ ಟ್ರಂಕು ಹೊತ್ತು ಪುಣೆಗೆ ಬಂದದ್ದೂ ಅದೇ ದಾರಿಯಲ್ಲಿ. ಜನರಲ್ ಬೋಗಿಯ ಬಾಗಿಲಲ್ಲಿ ಕೂತು ಭೀಮೆಯನ್ನು ದಾಟಿದ್ದೆ. ಅದು ನಮ್ಮೂರ ಹೊಳೆಯೇ ಎಂಬ ಯೋಚನೆ ಆಗ ಬಂದಿರಲಿಲ್ಲ.

ದೋಣಿಯಿಂದಿಳಿದು ದಂಡೆಗುಂಟ ಒಂದು ಕಿಲೋಮೀಟರ್ ನಡೆದೆವು. ನೀರು ಹಿಂದೆ ಸರಿದ ಕೆಸರು ಬಿರುಕು ಬಿಟ್ಟಿತ್ತು. ಅದರ ಮೇಲೆ ಕೊಕ್ಕರೆಯ ಹೆಜ್ಜೆ, ನಾಯಿಯ ಹೆಜ್ಜೆ. ಜಾಲಿಗಿಡಗಳ ಬುಡದಲ್ಲಿ ಕಳೆದ ಮಳೆಗಾಲದ ಪ್ಲಾಸ್ಟಿಕ್ ಚೀಲಗಳು ಜೋತುಬಿದ್ದಿದ್ದವು. ಒಂದೆಡೆ ಕಲ್ಲಿನ ಸಾಲು ಕಂಡಿತು, ಯಾರದೋ ಮನೆಯ ಪಾಯ. ಪಕ್ಕದಲ್ಲಿ ಬೀಸುವ ಕಲ್ಲಿನ ಒಡೆದ ಅರ್ಧ. ನನ್ನ ಮಗಳು ಅದರ ತೂತಿನೊಳಗೆ ಬೆರಳು ಹಾಕಿ ನೋಡಿದಳು. ಆಮೇಲೆ ಕೇಳಿದಳು, "ಅಪ್ಪಾ, ಈ ನೀರು ಮುಂದ ಎಲ್ಲಿಗಿ ಹೋಗ್ತದ?"

"ನಿಮ್ಮ ಆಯಿ ಊರಿಗಿ" ಅಂದೆ. ಹೇಳಿದ ಮೇಲೆ ನನಗೇ ಮೈ ಜುಮ್ಮೆಂದಿತು.

ಈ ನೀರು ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ನಮ್ಮ ಮನೆಯ ಬಚ್ಚಲಿನಿಂದಲೇ ಶುರು ಮಾಡಬೇಕಿತ್ತು. ಕಾತ್ರಜ್ ಗುಡ್ಡದಲ್ಲಿ ಹುಟ್ಟುವ ಆಂಬಿಲ್ ಓಢಾ ಎಂಬ ಹಳ್ಳ ಧನಕವಡಿಯ ಬಗಲಲ್ಲೇ ಹರಿದು ಮುಠಾ ನದಿ ಸೇರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್‌ನಲ್ಲಿ ಕೆರೆ ಕಟ್ಟಿಸಿ, ನೆಲದೊಳಗಿನ ಕಾಲುವೆಯಲ್ಲಿ ಶನಿವಾರವಾಡೆಯವರೆಗೆ ನೀರು ಒಯ್ದ. ಪರ್ವತಿಯ ಕೆಳಗೂ ಇದೇ ಹಳ್ಳದ ನೀರಿಗೆ ಕೆರೆಯಾಯಿತು. ಇಂದಿನ ಸಾರಸಬಾಗಿನ ಗಣಪತಿ ಆ ಕೆರೆಯ ನಡುಗಡ್ಡೆಯ ಮೇಲಿದ್ದವನು. ಈಗಲೂ ಹಳಬರು ಅವನನ್ನು 'ಕೆರೆಯೊಳಗಿನ ಗಣಪತಿ' ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಕೆರೆ ಹೋಯಿತು, ಉದ್ಯಾನ ಬಂತು. ನಾವು ಭಾನುವಾರ ಮಕ್ಕಳಿಗೆ ಭೇಳ್ ಕೊಡಿಸುವುದು ಹಳೆಯ ಕೆರೆಯ ಅಂಗಳದಲ್ಲಿ.

ಹಳ್ಳವನ್ನು ನಾವು ಮರೆತರೂ ಹಳ್ಳ ತನ್ನ ದಾರಿ ಮರೆಯುವುದಿಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಸುರಿದ ಮಳೆಗೆ ಆಂಬಿಲ್ ಓಢಾ ಉಕ್ಕಿ, ಗೋಡೆ ಕೆಡವಿ, ಕಾರುಗಳನ್ನು ಆಟಿಕೆಯಂತೆ ಎಳೆದೊಯ್ದಿತು. ಹಲವರು ಪ್ರಾಣ ಕಳೆದುಕೊಂಡರು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದ ಕಥೆ ಹೇಳುವ ಪುಣೆಯ ಹಿರಿಯರ ದನಿ ಇಂದಿಗೂ ತಗ್ಗುತ್ತದೆ. ಆ ರಾತ್ರಿ ನಾನು ಕಿಟಕಿಯಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದೆ. ಆ ನೀರು ಮುಂದೆ ಎಲ್ಲಿಗೆ ಹೋಗುತ್ತದೆಂದು ಯೋಚಿಸಲಿಲ್ಲ.

ಅದು ಹೋಗುವುದು ಹೀಗೆ. ಮುಠಾ ಹೋಗಿ ಮುಳಾ ಸೇರುತ್ತದೆ, ಮುಳಾ-ಮುಠಾ ರಾಂಜಣಗಾಂವ್ ಸಾಂಡಸ್‌ನಲ್ಲಿ ಭೀಮೆಗೆ ಸೇರುತ್ತದೆ, ಭೀಮೆ ಉಜನಿಗೆ ಬರುತ್ತದೆ. ನಗರದ ಕೊಳಚೆಯ ಒಂದು ಪಾಲು ಶುದ್ಧವಾಗದೆ ಜೊತೆಗೇ ಬರುತ್ತದೆ. ಹಿನ್ನೀರಿನಲ್ಲಿ ಪಾಚಿ, ಅಂತರಗಂಗೆ ಬೆಳೆಯಲು ಅದೂ ಒಂದು ಕಾರಣ. ಜಾಲಿಯ ಬುಡದ ಆ ಚೀಲಗಳಲ್ಲಿ ಒಂದು ನಮ್ಮ ಮನೆಯದೇ ಆಗಿರಬಹುದು.

ಉಜನಿಯಿಂದ ಮುಂದೆ ಭೀಮೆ ಪಂಢರಪುರ ಮುಟ್ಟುತ್ತದೆ. ಹೊಯ್ಸಳ ಸೋಮೇಶ್ವರನ ಕಾಲದ 1237ರ ಅಲ್ಲಿನ ಶಾಸನದಲ್ಲಿ ಊರಿನ ಹೆಸರು ಪಂಡರಗೆ. ಆ ವಿಠ್ಠಲನನ್ನು ಜ್ಞಾನೇಶ್ವರರು ಕನ್ನಡದವನೆಂದು ಹಾಡಿದ್ದಾರೆ. ಇನ್ನೂ ಕೆಳಗೆ, ಸೀನಾ ನದಿ ಬಂದು ಸೇರುವ ಹತ್ತರಸಂಗ ಕೂಡಲದಲ್ಲಿ 1018ರ ಶಾಸನವಿದೆ; ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದೊಂದು. ಎದುರು ದಂಡೆ ಕರ್ನಾಟಕ. ಹೊಯ್ಸಳರ ದಾನ ಇಂದಿನ ಮಹಾರಾಷ್ಟ್ರದಲ್ಲಿ, ಮರಾಠಿಯ ಮೊದಲ ಅಕ್ಷರಗಳು ನಮ್ಮ ಗಡಿಯಂಚಿನಲ್ಲಿ.

ನಮ್ಮ ಸಂಘದ ಸಭೆಗಳಲ್ಲಿ ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡೆಂಬ ಕವಿರಾಜಮಾರ್ಗದ ಮಾತು ಬಾರದೆ ಇರುವುದಿಲ್ಲ. ಪುಣೆಯ ಅತಿ ಹಳೆಯ ಉಲ್ಲೇಖ ಸಿಗುವುದೂ ಎಂಟನೆಯ ಶತಮಾನದ ರಾಷ್ಟ್ರಕೂಟರ ತಾಮ್ರಪಟಗಳಲ್ಲಿ. ನಾನೂ ಎದೆಯುಬ್ಬಿಸಿ ಚಪ್ಪಾಳೆ ತಟ್ಟಿದವನೇ. ಆದರೆ ದೋಣಿಯಲ್ಲಿ ಕೂತಾಗ ಅನಿಸಿದ್ದು ಬೇರೆ: ಈ ನಾಡು ಒಂದು ಕಾಲಕ್ಕೆ ಯಾರದಾಗಿತ್ತು ಎಂದು ಲೆಕ್ಕ ಹಾಕುವ ನಾವು, ಇಲ್ಲಿಂದ ಬಿಟ್ಟ ನೀರು ಇಂದು ಯಾರ ಅಂಗಳಕ್ಕೆ ಹೋಗುತ್ತದೆಂದು ಲೆಕ್ಕ ಇಟ್ಟಿಲ್ಲ.

ಭೀಮೆ ಅಫಜಲಪುರ ತಾಲೂಕಿಗೆ ಬರುತ್ತದೆ. ಗಾಣಗಾಪುರದ ದತ್ತ, ಘತ್ತರಗಿಯ ಭಾಗ್ಯವಂತಿ, ಇಬ್ಬರೂ ಹೊಳೆದಂಡೆಯವರು. ಮುಂದೆ ಸನ್ನತಿ, ಅಶೋಕನ ಶಾಸನ ಸಿಕ್ಕ ಜಾಗ. ಪಕ್ಕದ ಕನಗನಹಳ್ಳಿಯಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವೇ ಇದೆ. ಕೊನೆಗೆ ರಾಯಚೂರಿನ ಹತ್ತಿರ ಕೃಷ್ಣೆ. ಭೀಮಾಶಂಕರದಿಂದ ಅಲ್ಲಿಗೆ 861 ಕಿಲೋಮೀಟರ್. ನಮ್ಮೂರು ಇರುವುದು ಅಫಜಲಪುರ ತಾಲೂಕಿನಲ್ಲಿ, ಹೊಳೆಯಿಂದ ಎರಡು ಹೊಲದಾಚೆ.

2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಭಾರಿ ಮಳೆಯಾಗಿ, ಉಜನಿಯಿಂದ ನೀರು ಬಿಟ್ಟಾಗ ಭೀಮೆ ಉಕ್ಕಿ ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆಯ ಊರುಗಳಿಗೆ ನುಗ್ಗಿತು. ಅವ್ವ ಮೂರು ದಿನ ಕಾಳಜಿ ಕೇಂದ್ರದಲ್ಲಿದ್ದಳು. ತೊಗರಿ ಹೋಯಿತು. ಹೊಳೆಗೆ ಇಳಿಸಿದ್ದ ಮೋಟರ್ ಸಿಗಲೇ ಇಲ್ಲ. ಅದೇ ಹೊಳೆ ಏಪ್ರಿಲ್ ಬಂದರೆ ಮರಳಾಗುತ್ತದೆ, ಆಗ ಉಜನಿಯಿಂದ ನೀರು ಬಿಡಿ ಎಂದು ನಮ್ಮವರೇ ಕೇಳುತ್ತಾರೆ. ಆ ಪ್ರವಾಹದ ಮೇಲೆ ಅವ್ವ ಬಿಡಿಸಿ ಹೇಳಿದಳು: "ನೀ ತೊಯ್ಯೂದು ಅಲ್ಲಪ್ಪ ನನ್ನ ಚಿಂತಿ. ಅಲ್ಲಿ ಮಳಿ ಆದ್ರ ಇಲ್ಲಿ ಹೊಳಿ ಬರ್ತದ. ನಿಂಗ ಕೇಳಿದ್ರ ಮೊದಲ ಗೊತ್ತಾಗ್ತದಂತ ಕೇಳ್ತಿದ್ದೆ."

ಅಷ್ಟೂ ವರ್ಷ ಅವಳು ನನ್ನನ್ನು ಮೇಲ್ದಂಡೆಯ ಕಾವಲುಗಾರನೆಂದು ನಂಬಿ ಫೋನು ಮಾಡುತ್ತಿದ್ದಳು. ಆಫೀಸಿನಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸವನ್ನು ಹೇಗೆ ಕಾಯಿಸುತ್ತದೆಂದು ಚಾರ್ಟು ಬರೆದು ಸಂಬಳ ತೆಗೆದುಕೊಳ್ಳುವ ನಾನು ರೇನ್‌ಕೋಟಿನ ಉತ್ತರ ಕೊಡುತ್ತಿದ್ದೆ. 2020ರ ಮೇಲೂ, ನಿಜ ಹೇಳಬೇಕೆಂದರೆ, ಒಂದೆರಡು ತಿಂಗಳು ನೆನಪಿಟ್ಟು ಮತ್ತೆ ಮರೆತಿದ್ದೆ. ಹೊಲದ ಗಡಿ ನೀರಿನೊಳಗೂ ಗೊತ್ತಿರುವ ಆ ಹುಡುಗ ಮತ್ತೆ ನೆನಪು ಮಾಡಿದ.

ಈ ಮಳೆಗಾಲ ಖಡಕವಾಸಲಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಉಜನಿ ಎಷ್ಟು ತುಂಬಿತು ಎಂದು ದಿನಾ ಬೆಳಿಗ್ಗೆ ಮಗಳೇ ನೋಡಿ ಒಂದು ವಹಿಯಲ್ಲಿ ಬರೆಯುತ್ತಾಳೆ. ಮೊನ್ನೆ ಅವ್ವ ಕೇಳುವ ಮೊದಲೇ ಅವಳು ಫೋನು ಮಾಡಿದಳು, "ಆಯಿ, ಉಜನಿ ಇನ್ನಾ ಅರ್ಧಾನೂ ತುಂಬಿಲ್ಲ."

"ಹೌದಾ? ಹಂಗಾದ್ರ ಮೋಟರ್ ಇನ್ನೊಂದ್ ವಾರ ಅಲ್ಲೇ ಇರಲಿ" ಎಂದಳು ಅವ್ವ. "ನಿಮ್ಮ ಅಪ್ಪಗ ಹೇಳು, ರೇನ್‌ಕೋಟ್ ಹಾಕ್ಕೊಂಡ ಹೋಗಂತ."